ಸಹಾಯ ಬೇಕು: ಸೋರ್ಸ್‌ನಿಂದ ಹಾಕಿದ ಎಫ್‌ಎಫ್‌ಎಂಪೆಗ್ ತೆಗೆಯುವುದು ಹೇಗೆ?

ಉಬುಂಟು ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ನಾನು ಹೊಸಬ. ಆಪ್ಟ್‌ನಲ್ಲಿ (ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ಸಾಧನ) ಸಿಗುವ ಎಫ್‌ಎಫ್‌ಎಂಪೆಗ್ (ಆಡಿಯೊ, ವಿಡಿಯೊ ಪರಿವರ್ತಿಸುವ ಪ್ರೋಗ್ರಾಂ) ಹಳೆಯದು ಅಂತ ಸುಮ್ನೆ ಇರಲಾರದೆ ಸೋರ್ಸ್ ಕೋಡ್ ಇಳಿಸಿಕೊಂಡು ನಾನೇ ಕಂಪೈಲ್ ಮಾಡಲು ಕಾನ್ಫಿಗರ್, ಮೇಕ್, ಸುಡೊ ಮೇಕ್ ಇನ್‌ಸ್ಟಾಲ್ ಎಲ್ಲ ಮಾಡಿದೆ. ನಡುವೆ ಕಂಪೈಲ್‌ಗೆ ಬೇಕಾದ ನಾಸ್ಮ್ ಅನ್ನೋ ಅಸೆಂಬ್ಲರ್ ಇಲ್ಲ ಅಂತ ನಿಂತಿತು, ಅದನ್ನು ಆಪ್ಟ್‌ನಿಂದಲೇ ಹಾಕಿದೆ. ಕೊನೆಗೂ ಬಂತು, ಆದರೆ ಎಂಪಿ3 ಮಾಡಲು ಹೋದರೆ ಎನ್‌ಕೋಡರ್ ಇಲ್ಲ ಅನ್ನುತ್ತದೆ. ಹಳೆಯದೇ ವಾಸಿ ಅನಿಸಿತು.

ಈಗ ಆಪ್ಟ್‌ನದನ್ನು ತೆಗೆದು ಮತ್ತೆ ಹಾಕಿದರೂ ವರ್ಷನ್ ಕೇಳಿದರೆ ನಾನು ಕಂಪೈಲ್ ಮಾಡಿದ್ದೇ ಬರುತ್ತದೆ. ಪ್ರೋಗ್ರಾಂ ಎಲ್ಲಿದೆ ಅಂತ ವಿಚ್ ಕಮಾಂಡ್ ಕೊಟ್ಟರೆ ಯುಎಸ್‌ಆರ್ ಒಳಗಿನ ಲೋಕಲ್ ಬಿನ್ ತೋರಿಸುತ್ತದೆ. ಮೇಕ್ ಅನ್‌ಇನ್‌ಸ್ಟಾಲ್ ಮಾಡೋಣ ಅಂದರೆ ಜಾಗ ಉಳಿಯಲಿ ಅಂತ ಅದಕ್ಕೆ ಬೇಕಾದ ಸೋರ್ಸ್ ಫೋಲ್ಡರನ್ನೇ ಅಳಿಸಿಬಿಟ್ಟಿದ್ದೇನೆ, ನನ್ನ ಬುದ್ಧಿಗಿಷ್ಟು!

ಅದೇ ವರ್ಷನ್ ಮತ್ತೆ ಇಳಿಸಿ, ಕಾನ್ಫಿಗರ್ ಮಾಡಿ, ಮೇಕ್ ಅನ್‌ಇನ್‌ಸ್ಟಾಲ್ ಕೊಟ್ಟರೆ ಎಲ್ಲ ಹೋಗುತ್ತದಾ, ಅಥವಾ ಲೋಕಲ್ ಒಳಗಿನ ಫೈಲುಗಳನ್ನು ಒಂದೊಂದಾಗಿ ಹುಡುಕಿ ಅಳಿಸಬೇಕಾ?