ಸಹಾಯ ಬೇಕು: ಸೇನೆಯಿಂದ ಬಂದ ಅಕ್ಕನಿಗೆ ಜೊತೆಗಾರ್ತಿಯರನ್ನು ಎಲ್ಲಿ ಹುಡುಕಲಿ?

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ನನ್ನ ಅಕ್ಕ ಸೇನೆಯಲ್ಲಿ ಶಾರ್ಟ್ ಸರ್ವಿಸ್ ಅಧಿಕಾರಿಯಾಗಿದ್ದಳು, ಅಂದರೆ ಇಷ್ಟೇ ವರ್ಷ ಅಂತ ಮಿತಿ ಇರುವ ಸೇವೆ. 14 ವರ್ಷ ಮುಗಿಸಿ 2018ರಲ್ಲಿ ಹೊರಗೆ ಬಂದಳು. ಪಿಂಚಣಿ ಇಲ್ಲ. ಮಹಿಳೆಯರಿಗೂ ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗೂ ಸೇವೆಯಲ್ಲಿರುವ ಅವಕಾಶ) ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ಅವಳ ಕಪ್ಪು ಟ್ರಂಕ್ ನಮ್ಮನೆ ಮಂಚದ ಕೆಳಗೆ ಸೇರಿ ಎರಡು ವರ್ಷ ಆಗಿತ್ತು.

ದುಡ್ಡಿನ ಚಿಂತೆ ಅಷ್ಟಿಲ್ಲ, ಒಂದು ಕೆಲಸ ಇದೆ. ಆದರೆ ಅವಳು ಯಾರ ಜೊತೆಯೂ ಬೆರೆಯುತ್ತಿಲ್ಲ. ಕಳೆದ ವರ್ಷ ಬಲವಂತ ಮಾಡಿ ಮಾಜಿ ಸೈನಿಕರ ಒಂದು ಸಭೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ಕೂತಿದ್ದವರು, 'ಯಜಮಾನರ ಹೆಸರು, ರ‍್ಯಾಂಕ್ ಹೇಳಿ ಅಮ್ಮಾ' ಅಂದರು. ಅಕ್ಕ ಪೆನ್ ಇಸ್ಕೊಂಡು ತನ್ನದೇ ಬರೆದಳು. ಅವರು ಪಾಪ, ಎದ್ದು ನಿಂತು ಸಾರಿ ಹೇಳಿದರು. ಆದರೂ ಕೂರಿಸಿದ್ದು ಹೆಂಗಸರ ಸಾಲಿನಲ್ಲೇ! ಆಮೇಲೆ ಅವಳು ಆ ಕಡೆ ತಲೆ ಹಾಕಿಲ್ಲ.

ಶಾಲೆಯಲ್ಲಿ ಆಗಸ್ಟ್ 15ಕ್ಕೆ ಮಾತಾಡು ಅಂದೆ, ಬೇಡ ಅಂದಳು. ಹಳೇ ಬ್ಯಾಚ್‌ನವರ ವಾಟ್ಸಾಪ್ ಗುಂಪಿನಲ್ಲಿದ್ದಾಳೆ, ಆದರೆ ಅವರೆಲ್ಲ ದೆಹಲಿ, ಪುಣೆ ಕಡೆಯವರು. ಜಾಸ್ತಿ ಒತ್ತಾಯ ಮಾಡಿದರೆ ರೇಗುತ್ತಾಳೆ. ಸುಮ್ನೆ ಬಿಟ್ಟರೆ ರೂಮಿನಿಂದಲೇ ಹೊರಗೆ ಬರಲ್ಲ.

ನನ್ನ ಪ್ರಶ್ನೆ ಎರಡು. ಮೈಸೂರು, ಕೊಡಗು ಅಥವಾ ಬೆಂಗಳೂರಲ್ಲಿ ಸೇನೆಯಿಂದ ಬಂದ ಹೆಣ್ಣುಮಕ್ಕಳೇ ಆಗಾಗ ಸೇರುವ ಗುಂಪು ಇದೆಯಾ? ನಿಮ್ಮಲ್ಲೇ ಯಾರಾದರೂ ಹೀಗೆ ಬಂದವರಿದ್ದರೆ, ಆಗ ಮನೆಯವರು ಏನು ಮಾಡಿದ್ದು ನಿಮಗೆ ಹಿಡಿಸಿತು?