ಮಿಲಿಟರಿ ಭರ್ತಿಗೆ ದುಡ್ಡು ಕೇಳ್ತಿದ್ದಾರೆ, ಏನು ಮಾಡೋದು?

ಕೇಳಿದವರು, ಗದಗ ಕಡೆಯ ಒಬ್ಬ ಅಕ್ಕ:
ನನ್ನ ತಮ್ಮ ಅಗ್ನಿವೀರ್ ಆನ್‌ಲೈನ್ ಪರೀಕ್ಷೆ ಪಾಸಾಗಿದ್ದಾನೆ. ಇನ್ನು ರ‍್ಯಾಲಿ, ಅಂದರೆ ಮೈದಾನದಲ್ಲಿ ಓಟದ ಪರೀಕ್ಷೆ, ಮತ್ತು ಮೆಡಿಕಲ್ ಬಾಕಿ. ಅವನಿಗೆ ಓಟ ಕಲಿಸುವವರು 'ಭರ್ತಿ ಆಫೀಸಿನಲ್ಲಿ ನಮ್ಮ ಸಾಹೇಬರಿದ್ದಾರೆ, 3 ಲಕ್ಷ ಕೊಡಿ, ಆಗದಿದ್ದರೆ ವಾಪಸ್' ಅನ್ನುತ್ತಿದ್ದಾರೆ. ಎಸ್ಸೆಸ್ಸೆಲ್ಸಿ ಒರಿಜಿನಲ್ ಅಂಕಪಟ್ಟಿಯನ್ನೂ ಕೇಳಿದ್ದಾರೆ. ಅಪ್ಪ ಎತ್ತು ಮಾರಲು ಹೊರಟಿದ್ದಾರೆ. ಅನುಭವ ಇದ್ದವರು ಹೇಳಿ.

ಹಾವೇರಿಯಿಂದ:
ಅಕ್ಕಾ, ಮೊದಲು ಅಪ್ಪನನ್ನು ತಡೆಯಿರಿ. ನಮ್ಮ ಚಿಕ್ಕಪ್ಪನ ಮಗನಿಗೂ ಇಂಥವನೇ ಗಂಟುಬಿದ್ದಿದ್ದ. 'ಆಗದಿದ್ದರೆ ವಾಪಸ್' ಅನ್ನುವುದರಲ್ಲೇ ಮೋಸ ಇರುವುದು. ಸಿಕ್ಕಷ್ಟು ಹುಡುಗರ ಹತ್ತಿರ ದುಡ್ಡು ಇಸ್ಕೊಳ್ತಾರೆ. ಯಾವ ಸಾಹೇಬರಿಗೂ ಏನೂ ಹೇಳಲ್ಲ, ಸುಮ್ನೆ ಕೂತಿರ್ತಾರೆ. ಕೆಲವು ಹುಡುಗರು ಸ್ವಂತ ಬಲದಿಂದ ಪಾಸಾಗೇ ಆಗುತ್ತಾರೆ ಅಲ್ವಾ? ಅವರ ದುಡ್ಡು ಇವರ ಜೇಬಿಗೆ. ಫೇಲಾದವರಿಗೆ ವಾಪಸ್ ಕೊಟ್ಟು ಒಳ್ಳೆಯ ಹೆಸರನ್ನೂ ಗಳಿಸ್ತಾರೆ. ಮುಂದಿನ ವರ್ಷ ಇನ್ನೂ ಜಾಸ್ತಿ ಜನ ಬರ್ತಾರೆ.

ನಮ್ಮ ಹುಡುಗ ದಿನಾ ಬೆಳಗಿನ ಜಾವ ಕೆರೆ ಏರಿ ಮೇಲೆ ಓಡಿ ತಯಾರಾದವನು. ಪಾಸಾದ. ದಾಖಲೆ ತೋರಿಸುವ ದಿನ, ಆ ದಲ್ಲಾಳಿ ಮೊದಲೇ ಇಸ್ಕೊಂಡಿದ್ದ ಅಂಕಪಟ್ಟಿ ಕೇಳಿದರೆ 'ಬಾಕಿ ದುಡ್ಡು ಕೊಡಿ, ಆಮೇಲೆ ಕೊಡ್ತೀನಿ' ಅಂದ. ಚಿಕ್ಕಮ್ಮ ಬಳೆ ಅಡವಿಟ್ಟು ತಂದ ನೋಟುಗಳನ್ನು ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ಎಣಿಸಿ ಕೊಟ್ಟರು. ಆಗ ಅವನು ಬೈಕಿನ ಡಿಕ್ಕಿಯಿಂದ ಕವರ್ ತೆಗೆದ. ಅದರ ತುಂಬ ಬೇರೆ ಹುಡುಗರ ಅಂಕಪಟ್ಟಿಗಳೂ ಇದ್ದವು.

ಕೊಡಗಿನ ನಿವೃತ್ತ ಹವಾಲ್ದಾರ್:
ಒಳಗೆ ಕೆಟ್ಟವರೇ ಇಲ್ಲ ಅಂತ ನಾನು ಹೇಳಲ್ಲಮ್ಮ. 2021ರ ಫೆಬ್ರವರಿಯಲ್ಲಿ ಸೈನಿಕ ಭರ್ತಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಪುಣೆಯಲ್ಲಿ ಜನ ಸಿಕ್ಕಿಬಿದ್ದರು, ಪರೀಕ್ಷೆಯೇ ರದ್ದಾಯಿತು. ಮರು ತಿಂಗಳು ಆಫೀಸರ್ ಭರ್ತಿಯಲ್ಲಿ ಲಂಚದ ಆರೋಪದ ಮೇಲೆ ಸಿಬಿಐ 23 ಜನರ ಮೇಲೆ ಕೇಸು ಹಾಕಿತು. ಅದರಲ್ಲಿ 17 ಜನ ಸೇನೆಯವರು. ಯೂನಿಫಾರ್ಮ್ ಹಾಕಿದ ನನಗೆ ಇದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಬಡವರ ಮಕ್ಕಳು ನಂಬಿ ಬರುವ ಜಾಗ ಅದು.

ತಮ್ಮನಿಗೆ ಮಾಡಬೇಕಾದ ಖರ್ಚು ಬೇರೆ ಇದೆ. ರ‍್ಯಾಲಿಗೆ ಮೊದಲೇ ಕಿವಿಯ ಗುಗ್ಗೆ ತೆಗೆಸಿ, ಹಲ್ಲು, ಕಣ್ಣು ತೋರಿಸಿ. ಮೆಡಿಕಲ್‌ನಲ್ಲಿ ಅನ್‌ಫಿಟ್ ಅಂದರೂ ಮಿಲಿಟರಿ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆಗೆ ಅವಕಾಶ ಕೊಡುತ್ತಾರೆ. ಅದಕ್ಕೆ ಕಾಯುವ ದಿನಗಳಲ್ಲೇ ದಲ್ಲಾಳಿಗಳ ಫೋನ್ ಜಾಸ್ತಿ ಬರೋದು. ಹೆದರಿ ಒಪ್ಪಿಕೊಳ್ಳಬೇಡಿ.

ಬೆಳಗಾವಿಯ ವಕೀಲರು:
ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ದುಡ್ಡು ಕೇಳುತ್ತಿರುವವನ ವಾಟ್ಸ್ಯಾಪ್ ಮೆಸೇಜು, ಕಾಲ್ ರೆಕಾರ್ಡಿಂಗ್ ಅಳಿಸಬೇಡಿ. ಅಂಕಪಟ್ಟಿ ಅವನ ಕೈಗೆ ಹೋಗಿಬಿಟ್ಟಿದ್ದರೆ ವಾಪಸ್ ಕೊಡಲು ದುಡ್ಡು ಕೇಳುತ್ತಾನೆ, ಕೊಡಬೇಡಿ. ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಎರಡನೇ ಪ್ರತಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಇವತ್ತೇ ಕಾಣಿ, ಅದು ಬರಲು ಸಮಯ ಹಿಡಿಯುತ್ತದೆ.