ಸಹಾಯ ಬೇಕು: ಬೀಥೋವನ್‌ನ ಕೊನೇ ಕ್ವಾರ್ಟೆಟ್‌ಗಳು, ಯಾರ ರೆಕಾರ್ಡಿಂಗ್ ತಗೊಳ್ಳಲಿ?

ಎಲ್ರಿಗೂ ನಮಸ್ಕಾರ, ಬೀಥೋವನ್‌ನ ಕೊನೇ ಸ್ಟ್ರಿಂಗ್ ಕ್ವಾರ್ಟೆಟ್‌ಗಳದ್ದು (ನಾಲ್ಕು ತಂತಿವಾದ್ಯಕ್ಕೆ ಬರೆದ ಕೃತಿಗಳು, ನುಡಿಸೋ ತಂಡಕ್ಕೂ ಕ್ವಾರ್ಟೆಟ್ ಅಂತಾನೇ ಹೆಸ್ರು) ಒಂದೇ ಒಂದು ಸಿಡಿ ಸೆಟ್ ತಗೋಬೇಕು, ಯಾರದ್ದು ಅಂತ ತಲೆ ಕೆಟ್ಟೋಗಿದೆ. ನಂಗೆ ಮುಖ್ಯ ಓಪಸ್ (ಅಂದ್ರೆ ಕೃತಿ ಸಂಖ್ಯೆ) 132, ಅದ್ರಲ್ಲೂ ಮೂರನೇ ಭಾಗ, 1825ರಲ್ಲಿ ಕಾಯಿಲೆಯಿಂದ ಎದ್ದ ಮೇಲೆ ಬರೆದಿದ್ದಲ್ವಾ, ಲಿಡಿಯನ್ ಮೋಡ್, ಅಂದ್ರೆ ನಮ್ಮ ಕಲ್ಯಾಣಿ ರಾಗದ ಸ್ವರಗಳೇ, ಗಮಕ ಮಾತ್ರ ಹುಡುಕ್ಬೇಡಿ. ಕ್ವಾರ್ಟೆಟೊ ಇಟಾಲಿಯಾನೊದವ್ರು ಅದನ್ನ ತುಂಬಾ ನಿಧಾನಕ್ಕೆ ನುಡಿಸ್ತಾರೆ, ನಂಗಿಷ್ಟ, ಮನೇಲಿ ಉಳಿದೋರಿಗೆ ನಿದ್ದೆ. ಬುಷ್ ಕ್ವಾರ್ಟೆಟ್ 1930ರ ದಶಕದ್ದು, ಮೋನೋ, ಹಿಂದ್ಗಡೆ ಸರಸರ ಸದ್ದು, ಆದ್ರೂ ಬಿಡೋಕೆ ಮನಸ್ಸು ಬರ್ತಿಲ್ಲ. ಟಕಾಚ್ ಕ್ವಾರ್ಟೆಟ್‌ದು ಸೌಂಡ್ ಕ್ಲೀನ್. ಇನ್ನು ಓಪಸ್ 131ರ ಏಳೂ ಭಾಗ ನಿಲ್ಲಿಸ್ದೆ ನುಡಿಸೋದು, ನನ್ ಫೋನಲ್ಲಿ ಟ್ರ್ಯಾಕ್ ಮಧ್ಯೆ ಗ್ಯಾಪ್ ಬಂದು ರಸಭಂಗ ಆಗುತ್ತೆ, ಅದಕ್ಕೇ ಸಿಡಿ. ಆಲ್ಬನ್ ಬರ್ಗ್ ಕ್ವಾರ್ಟೆಟ್‌ದು ಸ್ಟುಡಿಯೋನೂ ಇದೆ ಲೈವೂ ಇದೆ, ಎರಡೂ ಕೇಳಿರೋರು ಯಾವ್ದು ವಾಸಿ ಹೇಳ್ರಪ್ಪಾ.